ಏಳನೆಯ ಚೌಕ

ಮಿರ್ಜಾನ ದಾಟಿ ಮೇಲೆ ಹತ್ತಿದರೆ ಬೇಣ.
ಚಿರೆಕಲ್ಲಿನ ಬೆನ್ನು, ಅದರ ಮೇಲೊಂದು ಗೇಣು ಮಣ್ಣು,
ಆಮೇಲೆ ಬರೀ ಆಕಾಶ. ಕೆಳಗೆ ಅಘನಾಶಿನಿ
ಉಪ್ಪುನೀರಿಗೂ ಸಿಹಿನೀರಿಗೂ ರಾಜಿ ಮಾಡಿಸುತ್ತ ನಿಂತಿದೆ.
ಇಲ್ಲಿ ಹನ್ನೆರಡು ಚೌಕ ಗುರುತು ಮಾಡಿ
ಹನ್ನೊಂದು ವರ್ಷದಿಂದ ಹುಲ್ಲು ಎಣಿಸುತ್ತೇನೆ.

ಬೈತಖೋಲದ ನಮ್ಮ ಕೇರಿಯಲ್ಲಿ ಇನ್ನೂ ನಗುತ್ತಾರೆ,
ತಾಂಡೇಲರ ಮಗ ದೋಣಿ ಬಿಟ್ಟು ಕರಡಕ್ಕೆ ಹೋದ ಎಂದು.
ಅವ್ವ ಮಾತ್ರ ಒಮ್ಮೆ ಬಂದು ನೋಡಿದಳು.
ಮೀಟರು ಅಗಲದ ಚೌಕಟ್ಟು ನೆಲಕ್ಕಿಟ್ಟು
ಒಂದೊಂದೇ ಎಳೆ ಬಿಡಿಸುವಾಗ ಪಕ್ಕ ಕೂತು
"ಬಲೆ ಸುರುವಿದ ಹಾಗೇ ಅಲ್ಲವೇನೋ" ಅಂದಳು,
"ತಾರ್ಲೆ ಒಂದು ಕಡೆ, ಲೆಪ್ಪೆ ಒಂದು ಕಡೆ,
ಹೆಸರಿಲ್ಲದ್ದು ಬುಟ್ಟಿಯ ಅಡಿಗೆ."

ಹೆಸರಿಲ್ಲದ್ದೇ ನನಗೆ ಬೇಕಾದ್ದು.
ಮುಳಿ, ಕರಡ, ಗರಿಕೆ ಯಾರಿಗೂ ಗೊತ್ತು.
ಅವುಗಳ ಕಾಲಡಿಯಲ್ಲಿ ವಿಷ್ಣುಕ್ರಾಂತಿ, ನೆಲತಾಳೆ,
ಗುಂಡುಸೂಜಿ ತಲೆಯ ಬಿಳಿ ಹೂ,
ಸೊಳ್ಳೆ ಕೂತರೆ ಮೆಲ್ಲಗೆ ಮುಷ್ಟಿ ಕಟ್ಟುವ ಅಂಟುಗಿಡ,
ಶ್ರಾವಣದ ಮೂರೇ ವಾರ ಬದುಕಿ
ಬೀಜವಾಗಿ ಕಲ್ಲಿನ ಬಿರುಕಿಗಿಳಿಯುವ ಒಂದು ನೀಲಿ.

ಯೂರಿಯಾ ಕೊಟ್ಟಲ್ಲಿ ಹುಲ್ಲು ಸೊಂಟ ಮುಟ್ಟಿತು;
ತೂಕ ಇಮ್ಮಡಿ, ಜಾತಿ ಹನ್ನೊಂದು.
ಇಲಾಖೆಯವರು ತೂಕ ನೋಡಿ ಕೈ ಕುಲುಕಿದರು.
ಬೇಲಿ ಹಾಕಿ ಯಾರೂ ಮುಟ್ಟದೆ ಬಿಟ್ಟವು ಮೂರು.
ಮೂರನೆಯದೂ ಹತ್ತನೆಯದೂ ಒಣಗಿದ ತಮ್ಮದೇ ಹುಲ್ಲಿನ ಕೆಳಗೆ
ವರ್ಷ ವರ್ಷ ಕುರುಡಾದವು. ಹದಿನಾಲ್ಕು ಜಾತಿ. ಆಮೇಲೆ ಒಂಬತ್ತು.
ಏಳನೆಯದು ಮಾತ್ರ
ಮೂವತ್ತೊಂದು, ಮೂವತ್ತು, ಮತ್ತೆ ಮೂವತ್ತೊಂದು.

ನಾನು ಬರುವುದು ಮಳೆಯಲ್ಲಿ. ಭಾದ್ರಪದಕ್ಕೆ ಹೊರಟರೆ ಮತ್ತೆ ಜ್ಯೇಷ್ಠ.
ಮಣ್ಣು ಧಾರವಾಡಕ್ಕೆ ಕಳಿಸಿದೆ, ಇಳಿಜಾರು ಅಳೆದೆ,
ಒಣಹುಲ್ಲು ಎಲ್ಲಿ ಹೋಯಿತೆಂದು ಗೆದ್ದಲನ್ನು ಅನುಮಾನಿಸಿದೆ.
ಏಳನೆಯ ಚೌಕದ ಅಪವಾದದ ಮೇಲೆ ಟಿಪ್ಪಣಿ ಬರೆದು
ಪುಣೆಯ ಸಭೆಯೊಂದರಲ್ಲಿ ಓದಿಯೂ ಬಂದೆ.
ಚಪ್ಪಾಳೆಯೂ ಬಿತ್ತು.

ಹೋದ ಕಾರ್ತಿಕ, ಮರೆತ ಮಳೆಮಾಪಕ ಒಯ್ಯಲು ಬಂದವನಿಗೆ
ಗಂಟು ಕಂಡಿತು.
ತಂತಿಯ ಮೂಲೆಗೆ ತೆಂಗಿನ ನಾರಿನ ಹುರಿ,
ಎಳೆದರೆ ಬಿಚ್ಚುವ, ಬಿಟ್ಟರೆ ಬಿಗಿಯುವ ಗಂಟು.
ಹುಟ್ಟಿದಾಗಿನಿಂದ ಗಂಟು ನೋಡಿದವನು ನಾನು;
ಇದು ನನ್ನದಲ್ಲ, ದೋಣಿಯವರದೂ ಅಲ್ಲ,
ಹೊರೆ ಕಟ್ಟುವವರದು.

ಬೆಳಗಿನ ಜಾವ ಕಾದು ಕೂತೆ.
ಬುದವಂತಿ ಗೌಡ ಬಂದಳು, ತಲೆಯ ಮೇಲೆ ಸಿಂಬೆ,
ಸೊಂಟದಲ್ಲಿ ಕತ್ತಿ. ನನ್ನ ಕಂಡು ಹೆದರಲಿಲ್ಲ.
"ನಾ ಕೊಯ್ದದ್ದು ಹೌದು ಒಡೆಯಾ.
ಈ ಮೂಲೆ ನಮ್ಮತ್ತೆ ಕೊಯ್ತಿದ್ದದ್ದು.
ನೀವು ಬೇಲಿ ಹಾಕಿದ್ರಿ, ಆಕಳಿಗೆ ಅದು ತಿಳಿತದ್ಯಾ?"
ಮೂರನೆಯ ಚೌಕದ ಕಡೆ ಗಲ್ಲ ಎತ್ತಿದಳು:
"ಅದ್ನ ಹಾಂಗೇ ಬಿಟ್ರಿ. ಸತ್ತೋಯ್ತು.
ಕೊಯ್ಯದ ಹುಲ್ಲು ತನ್ನ ಮಕ್ಳನ್ನೇ ಮುಚ್ತದೆ."

ಸಿಟ್ಟು ಬಂತು, ಸುಳ್ಳೇಕೆ.
ಆ ಒಂದು ಸಾಲು ಹೊಡೆದು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.
ಬಿಸಿಲೇರುವವರೆಗೂ ಪೆನ್ಸಿಲ್ ಹಿಡಿದೇ ಇದ್ದೆ. ಕೊನೆಗೆ
"ಉಪಚಾರ: ಇಲ್ಲ" ಎಂದಿದ್ದಲ್ಲಿ ಗೆರೆ ಎಳೆದು ಬರೆದೆ:
ಬುದವಂತಿ. ಒಂದು ಕತ್ತಿ. ಒಂದು ಆಕಳು.
ಬೀಜ ಉದುರಿದ ಮೇಲೆ, ವರ್ಷಕ್ಕೆ ನಾಲ್ಕು ಹೊರೆ.

ತಿದ್ದುಪಡಿ ಓದಿದ ಪತ್ರಿಕೆಯವರು ಕೇಳಿದ್ದಾರೆ,
ಹೊರೆ ಎಂದರೆ ಎಷ್ಟು ಕಿಲೋ?
ಅವಳನ್ನು ಕೇಳಿದೆ. "ತಲೆ ತಡೆದಷ್ಟು" ಅಂದಳು.

ಈ ವರ್ಷ ಅವಳ ಮೊಣಕಾಲು ಊದಿದೆ.
ಬೇಲಿಯಾಚೆ ಕಲ್ಲಿನ ಮೇಲೆ ಕೂತು ನೋಡುತ್ತಾಳೆ,
ನಾನು ಮೂರನೆಯ ಚೌಕದಲ್ಲಿ ಬಗ್ಗಿದ್ದೇನೆ.
"ಬುಡ ಬಿಡಿ, ನಾಕು ಬೆರಳು. ಅಯ್ಯೋ, ಹಾಂಗಲ್ಲ."
ಕತ್ತಿ ಚಿರೆಕಲ್ಲಿಗೆ ತಾಗಿ ಬಾಯಿ ಮಡಚಿತು.